ಓದುಗರ ಪ್ರಶ್ನೆ: ನಳಿಗೆ ಮೊಟಕು ಮಾಡಿ ಸೈಲೆನ್ಸರ್ ಹಾಕಿಸಬಹುದಾ?

ಹೋದ ಸಲ ಇದೇ ಪುಟದಲ್ಲಿ ಹಳೇ ಬಂದೂಕಿನ ತುಕ್ಕು ತೆಗೆಯೋದರ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಬಂದೂಕಿನವೇ. ಮೊದಲೇ ಹೇಳಿಬಿಡ್ತೀನಿ, ನಾನು ವಕೀಲ ಅಲ್ಲ. ದಾವಣಗೆರೆಯ ಹತ್ತಿ ಗಿರಣಿಯ ವರ್ಕ್‌ಶಾಪಿನಲ್ಲಿ ಲೇತ್ ಕಲಿತವನು. ಗಿರಣಿ ಮುಚ್ಚಿದ ಮೇಲೆ ಲೈಸೆನ್ಸ್ ಇದ್ದ ಬಂದೂಕು ಅಂಗಡಿಯೊಂದರಲ್ಲಿ ರಿಪೇರಿ ಕೆಲಸ ಮಾಡಿ ಕೈ ಎಣ್ಣೆ ಮಾಡಿಕೊಂಡವನು. ಆ ಕೆಲಸದಲ್ಲಿ ಕಾನೂನು ಗೊತ್ತಿಲ್ಲದೆ ಒಂದು ಸ್ಕ್ರೂ ಕೂಡ ತಿರುಗಿಸೋ ಹಾಗಿಲ್ಲ, ಹಾಗಾಗಿ ಅಷ್ಟಿಷ್ಟು ಕಲಿತೆ.

ಪ್ರಶ್ನೆ: ತಂದೆಯವರಿಂದ ಬಂದ ಪಾಯಿಂಟ್ ಟೂ ಟೂ (.22 ಇಂಚು ತೂತಿನ) ರೈಫಲ್ ಇದೆ. ಲೈಸೆನ್ಸ್ ನನ್ನ ಹೆಸರಿಗೆ ಆಗಿದೆ, ರೈಫಲ್ ಕ್ಲಬ್ಬಿನ ಸದಸ್ಯನೂ ಹೌದು. ನಳಿಗೆ 24 ಇಂಚು ಇದೆ. ಅದನ್ನು 16ಕ್ಕೆ ಇಳಿಸಿ, ತುದಿಗೆ ಥ್ರೆಡ್ ಹಾಕಿಸಿ, ಸೈಲೆನ್ಸರ್ ಕೂರಿಸಬೇಕು ಅಂತ ಆಸೆ. ತೋಟದಲ್ಲಿ ಗುರಿ ಅಭ್ಯಾಸ ಮಾಡಿದರೆ ದನ ಬೆದರುತ್ತವೆ ಅಂತ ಪಕ್ಕದವರು ಜಗಳಕ್ಕೆ ಬರ್ತಾರೆ. ದಾವಣಗೆರೆಯ ಲೇತ್‌ನವರೊಬ್ಬರು ಅರ್ಧ ದಿನದ ಕೆಲಸ ಅಂದರು. ಇಂಗ್ಲೆಂಡಿನಲ್ಲಿರುವ ನಮ್ಮ ಭಾವ ಇದನ್ನೇ ಕಾನೂನು ಪ್ರಕಾರ ಮಾಡಿಸಿದ್ದಾರೆ. ನಾನು ಡಿಸಿ ಆಫೀಸಿಗೆ ಒಂದು ಅರ್ಜಿ ಕೊಟ್ಟರೆ ಸಾಕಾ?
— ಅಡಿಕೆ ಬೆಳೆಗಾರ, ಹೊಳಲ್ಕೆರೆ ತಾಲ್ಲೂಕು

ಉತ್ತರ: ಸಾಲದು. ಲೇತ್‌ನವರಿಗೆ ಇವತ್ತೇ ಫೋನ್ ಮಾಡಿ ಬೇಡ ಅಂತ ಹೇಳಿಬಿಡಿ. ಅವರ ಸಲುವಾಗಿಯೂ ಹೇಳ್ತಿದ್ದೀನಿ.

ನೀವು ಕೇಳಿರೋದು ಒಂದೇ ಕೆಲಸದ ಹಾಗೆ ಕಾಣುತ್ತೆ, ಆದರೆ ಕಾನೂನಿನ ಕಣ್ಣಿಗೆ ಅದು ಮೂರು ಕೆಲಸ. ಮೊದಲನೆಯದು ನಳಿಗೆ ಮೊಟಕು ಮಾಡೋದು. 1959ರ ಶಸ್ತ್ರ ಕಾಯ್ದೆಯ 6ನೇ ಕಲಂ ಇದಕ್ಕೇ ಇರೋದು. ಲೈಸೆನ್ಸ್ ಇಲ್ಲದೆ ಯಾರೂ ಬಂದೂಕಿನ ನಳಿಗೆ ಕಡಿಮೆ ಮಾಡುವ ಹಾಗಿಲ್ಲ ಅನ್ನುತ್ತೆ ಅದು. ಇಲ್ಲೇ ಜನ ಎಡವೋದು. ‘ನನ್ನ ಹತ್ತಿರ ಲೈಸೆನ್ಸ್ ಇದೆಯಲ್ಲ’ ಅಂತಾರೆ. ನಿಮ್ಮ ಹತ್ತಿರ ಇರೋದು ಬಂದೂಕು ಇಟ್ಟುಕೊಳ್ಳೋ ಲೈಸೆನ್ಸ್, ಕತ್ತರಿಸೋ ಲೈಸೆನ್ಸ್ ಅಲ್ಲ. ಬೈಕ್ ಓಡಿಸೋ ಲೈಸೆನ್ಸ್ ತೋರಿಸಿ ಬೈಕ್ ಕಾರ್ಖಾನೆ ಇಡ್ತೀನಿ ಅಂದ ಹಾಗಾಯಿತು. ಇಷ್ಟು ಇಂಚಿನವರೆಗೆ ಕತ್ತರಿಸಿದರೆ ಪರವಾಗಿಲ್ಲ ಅನ್ನೋ ರಿಯಾಯಿತಿಯೂ ಆ ಕಲಮಿನಲ್ಲಿ ಇಲ್ಲ. 24ರಿಂದ 16ಕ್ಕೆ ಇಳಿಸಿದರೂ ಮೊಟಕು, 24ರಿಂದ 23ಕ್ಕೆ ಇಳಿಸಿದರೂ ಮೊಟಕು.

ಎರಡನೆಯದು ಲೇತ್‌ನವರ ಪಾಡು. ಬಂದೂಕು ತಯಾರಿಸೋದು, ಮಾರೋದು, ಬದಲಾಯಿಸೋದು, ರಿಪೇರಿ ಮಾಡೋದು, ಎಲ್ಲಕ್ಕೂ 5ನೇ ಕಲಂ ಪ್ರಕಾರ ಬೇರೆ ಲೈಸೆನ್ಸ್ ಬೇಕು. ಪಂಪಿನ ಶಾಫ್ಟ್ ತಿರುವೋ ಲೇತ್, ರೈಫಲ್ ನಳಿಗೆ ತಿರುವೋ ಲೇತ್, ಯಂತ್ರ ಒಂದೇ ಇರಬಹುದು. ಆ ನಳಿಗೆ ಲೇತಿಗೆ ಏರಿದ ಗಳಿಗೆಯಿಂದ ಆತ ಲೈಸೆನ್ಸ್ ಇಲ್ಲದೆ ಬಂದೂಕಿನ ಕೆಲಸ ಮಾಡಿದವನು. 2019ರ ತಿದ್ದುಪಡಿ ಆದ ಮೇಲೆ 25ನೇ ಕಲಂ ಪ್ರಕಾರ 5 ಮತ್ತು 6ನೇ ಕಲಮಿನ ಉಲ್ಲಂಘನೆಗೆ ಕಡಿಮೆ ಅಂದರೂ 7 ವರ್ಷ, ಜಾಸ್ತಿ ಅಂದರೆ ಜೀವಾವಧಿ. ಅರ್ಧ ದಿನದ ಕೂಲಿಗೆ ಏಳು ವರ್ಷ ಹೋಗಬೇಕಾ ಆ ಮನುಷ್ಯ?

ಮೂರನೆಯದು ಸೈಲೆನ್ಸರ್. ಇದು ಎಲ್ಲರಿಗೂ ಆಶ್ಚರ್ಯ ಆಗೋ ವಿಷಯ. ಬರೀ ಸೈಲೆನ್ಸರ್, ಅಂದರೆ ಒಳಗೆ ತಟ್ಟೆಗಳಿರೋ ಆ ಕೊಳವೆ, ರೈಫಲ್ಲೇ ಇಲ್ಲದೆ ನಿಮ್ಮ ಬೀರುವಿನಲ್ಲಿ ಒಂಟಿಯಾಗಿ ಕೂತಿದ್ದರೂ ನಮ್ಮ ಕಾಯ್ದೆಯ ಲೆಕ್ಕದಲ್ಲಿ ಅದೇ ಒಂದು ಬಂದೂಕು. ತಮಾಷೆ ಅಲ್ಲ. ಕಾಯ್ದೆಯ 2ನೇ ಕಲಮಿನಲ್ಲಿ ಬಂದೂಕು ಅಂದರೇನು ಅಂತ ವಿವರಿಸುವಾಗಲೇ, ಗುಂಡು ಹಾರಿಸಿದಾಗಿನ ಸದ್ದನ್ನೋ ಬೆಳಕನ್ನೋ ಕಡಿಮೆ ಮಾಡಲು ರೂಪಿಸಿದ ಸಲಕರಣೆಯನ್ನೂ ಸೇರಿಸಿದ್ದಾರೆ. ಅದೂ ಮಾಮೂಲಿ ಬಂದೂಕಿನ ಪಟ್ಟಿಯಲ್ಲಿ ಅಲ್ಲ, ನಿಷೇಧಿತ ಶಸ್ತ್ರಗಳ ಒಂದನೇ ವರ್ಗದಲ್ಲಿ. ನಿಷೇಧಿತ ಶಸ್ತ್ರಕ್ಕೆ 7ನೇ ಕಲಂ ಪ್ರಕಾರ ಕೇಂದ್ರ ಸರ್ಕಾರದ ವಿಶೇಷ ಅನುಮತಿ ಬೇಕು. ಜಿಲ್ಲಾಧಿಕಾರಿ ಮನಸ್ಸು ಮಾಡಿದರೂ ಕೊಡೋ ಅಧಿಕಾರ ಅವರಿಗಿಲ್ಲ. ಅನುಮತಿ ಇಲ್ಲದೆ ಇಟ್ಟುಕೊಂಡರೆ 7ರಿಂದ 14 ವರ್ಷ. ಹಾಗಾಗಿ ಡಿಸಿ ಆಫೀಸಿಗೆ ಅರ್ಜಿ ಬರೆಯೋ ಮಾತೇ ಬರಲ್ಲ, ಬಾಗಿಲೇ ತಪ್ಪು.

ನಮ್ಮ ಕಡೆ ಸೈಲೆನ್ಸರ್ ಅಂದರೆ ಬುಲೆಟ್ ಗಾಡಿಯದು. ಅದನ್ನು ಬದಲಾಯಿಸಿ ಸದ್ದು ಜಾಸ್ತಿ ಮಾಡಿಕೊಂಡರೆ ಪೊಲೀಸರು ಕಿತ್ತು ರೋಡ್ ರೋಲರ್ ಹತ್ತಿಸ್ತಾರೆ. ರೈಫಲ್ಲಿಗೆ ಹಾಕಿ ಸದ್ದು ಕಡಿಮೆ ಮಾಡಿಕೊಂಡರೆ ನಿಮ್ಮನ್ನೇ ಒಳಗೆ ಹಾಕ್ತಾರೆ.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳ್ತೀನಿ. ಪಾಯಿಂಟ್ ಟೂ ಟೂ ರೈಫಲ್ಲಿಗೆ ಕಾಯ್ದೆಯ 13ನೇ ಕಲಂ ಹೇಳೋ ದಾರಿ ಅಂದರೆ, ಮಾನ್ಯತೆ ಇರೋ ರೈಫಲ್ ಕ್ಲಬ್ಬಿನ ಸದಸ್ಯರಿಗೆ ಗುರಿ ಅಭ್ಯಾಸಕ್ಕೆ. ನಿಮ್ಮ ಲೈಸೆನ್ಸ್ ಪುಸ್ತಕ ತೆಗೆದು ಉದ್ದೇಶದ ಕಾಲಂ ಓದಿ. ಅಲ್ಲಿ ಬರೀ ಗುರಿ ಅಭ್ಯಾಸ ಅಂತಿದ್ದರೆ ಅಡಿಕೆ ತೋಟದ ಮಧ್ಯೆ ಡಬ್ಬಿ ಇಟ್ಟು ಹೊಡೆಯೋದೇ ಪ್ರಶ್ನೆಗೆ ಗುರಿಯಾಗುತ್ತೆ. ಪಕ್ಕದ ತೋಟದವರ ಜಗಳ ನನಗೆ ತಪ್ಪು ಅನ್ನಿಸಲಿಲ್ಲ. ಆ ಪುಟಾಣಿ ಗುಂಡು ಒಂದೂವರೆ ಕಿಲೋಮೀಟರ್‌ವರೆಗೂ ಹೋಗಬಲ್ಲದು. ಹಿಂದೆ ಮಣ್ಣಿನ ದಿಬ್ಬ ಇಲ್ಲದೆ ಹೊಡೆದರೆ ಅದು ಯಾರ ತೋಟದಲ್ಲಿ ಬೀಳುತ್ತೆ ಅಂತ ನಿಮಗೂ ಗೊತ್ತಿಲ್ಲ, ದನಕ್ಕೂ ಗೊತ್ತಿಲ್ಲ.

ಪ್ರಶ್ನೆ: (ಅದೇ ಪತ್ರದ ಎರಡನೇ ಹಾಳೆ) ಹಾಗಾದರೆ ಭಾವನವರು ಮಾಡಿಸಿದ್ದು ಹೇಗೆ ಕಾನೂನು ಪ್ರಕಾರ ಆಯಿತು?

ಉತ್ತರ: ಅವರು ಇರೋ ಊರಿನ ಕಾನೂನು ಪ್ರಕಾರ. ಇದೊಂದು ತಿಳಿದುಕೊಂಡರೆ ಮೊಬೈಲಿನಲ್ಲಿ ಬರೋ ವಿಡಿಯೋಗಳ ಮುಕ್ಕಾಲು ಪಾಲು ತಲೆನೋವು ತಪ್ಪುತ್ತೆ.

ಬ್ರಿಟನ್ನಿನಲ್ಲಿ ರೈಫಲ್ ಇಟ್ಟುಕೊಳ್ಳೋಕೆ ಪೊಲೀಸರು ಕೊಡೋ ಪ್ರಮಾಣಪತ್ರ ಬೇಕು. ಅಲ್ಲಿ ಸೈಲೆನ್ಸರ್‌ಗೆ ಮಾಡರೇಟರ್ ಅಂತಾರೆ. ಮೊಲ ಹೊಡೆಯೋ ರೈತರು ಎಷ್ಟೋ ಕಾಲದಿಂದ ಅದನ್ನು ಪ್ರಮಾಣಪತ್ರದಲ್ಲಿ ಬರೆಸಿಕೊಂಡೇ ಬಳಸ್ತಾ ಬಂದಿದ್ದಾರೆ. ಅಕ್ಕಪಕ್ಕದವರಿಗೆ ತೊಂದರೆ ಆಗದಿರಲಿ ಅನ್ನೋದು ಅಲ್ಲಿ ಒಳ್ಳೇ ಕಾರಣವೇ. ನಳಿಗೆ 30 ಸೆಂಟಿಮೀಟರ್‌ಗಿಂತ ಅಥವಾ ಇಡೀ ರೈಫಲ್ 60 ಸೆಂಟಿಮೀಟರ್‌ಗಿಂತ ಗಿಡ್ಡ ಆದರೆ ಮಾತ್ರ ಅದು ನಿಷೇಧಿತ ಆಯುಧ. 16 ಇಂಚು ಅಂದರೆ ಸುಮಾರು 40 ಸೆಂಟಿಮೀಟರ್, ಗೆರೆಯ ಈಚೆಗೇ ಇದೆ. ಭಾವನವರು ಅಲ್ಲಿ ನೋಂದಾಯಿತ ಗನ್‌ಸ್ಮಿತ್ ಹತ್ತಿರ ಕೊಟ್ಟಿರ್ತಾರೆ. ಆತ ಕತ್ತರಿಸಿ, ಬಾಯಿ ಸರಿಮಾಡಿ, ಅಲ್ಲಿ ಎಲ್ಲರೂ ಬಳಸೋ ಅರ್ಧ ಇಂಚು ವ್ಯಾಸದ, ಇಂಚಿಗೆ 20 ಸುತ್ತಿನ ಥ್ರೆಡ್ ಹಾಕಿ ಕೊಟ್ಟಿರ್ತಾನೆ. ನಳಿಗೆಯ ಬಲ ಪರೀಕ್ಷೆ ಮಾಡಿ ಮುದ್ರೆ ಒತ್ತೋಕೆ ಲಂಡನ್ನಿನಲ್ಲೊಂದು, ಬರ್ಮಿಂಗ್‌ಹ್ಯಾಮಿನಲ್ಲೊಂದು ಪ್ರೂಫ್ ಹೌಸ್ ಇವೆ.

ಅಮೆರಿಕದ ಲೆಕ್ಕವೇ ಬೇರೆ. ಅಲ್ಲಿ ರೈಫಲ್ ನಳಿಗೆ 16 ಇಂಚಿಗಿಂತ ಗಿಡ್ಡ ಆಗಬೇಕಾದರೆ ಮೊದಲು ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು. ಸೈಲೆನ್ಸರ್ ಮೇಲೆ 1934ರಲ್ಲಿ 200 ಡಾಲರ್ ತೆರಿಗೆ ಹಾಕಿದರು. ಆ ಕಾಲಕ್ಕೆ ಅದು ಸೈಲೆನ್ಸರ್ ಬೆಲೆಗಿಂತ ಎಷ್ಟೋ ಜಾಸ್ತಿ. ತೊಂಬತ್ತು ವರ್ಷ ಒಂದು ಡಾಲರ್ ಕೂಡ ಏರಿಸಲಿಲ್ಲ, ಇಳಿಸಲಿಲ್ಲ. 2026ರ ಜನವರಿ 1ರಿಂದ ಸೊನ್ನೆ ಮಾಡಿದ್ದಾರೆ, ನೋಂದಣಿ ಮಾತ್ರ ಹಾಗೇ ಇದೆ. ನೀವು ನೋಡೋ ವಿಡಿಯೋದಲ್ಲಿ 16 ಇಂಚು, 16 ಇಂಚು ಅಂತ ಬಡಿದುಕೊಳ್ಳೋದು ಇದಕ್ಕೇ. ಆ ಅಂಕಿ ವಾಷಿಂಗ್‌ಟನ್ನಿನದು, ಹೊಳಲ್ಕೆರೆಯದಲ್ಲ.

ಪ್ರಶ್ನೆ: ನಾನು ಮೆಕ್ಯಾನಿಕಲ್ ಓದುತ್ತಿದ್ದೇನೆ. ಮಾಡಿಸುವ ಉದ್ದೇಶ ಇಲ್ಲ, ಸುಮ್ನೆ ಕುತೂಹಲ. ನಳಿಗೆ ಗಿಡ್ಡ ಆದರೆ ಗುಂಡಿನ ವೇಗ ಕಡಿಮೆಯಾಗಬೇಕಲ್ವಾ? ಹಾಗಿದ್ದೂ ಅಲ್ಲಿಯವರು ಯಾಕೆ ಕತ್ತರಿಸ್ತಾರೆ?
— ವಿದ್ಯಾರ್ಥಿ, ದಾವಣಗೆರೆ

ಉತ್ತರ: ಒಳ್ಳೇ ಪ್ರಶ್ನೆ. ದೊಡ್ಡ ರೈಫಲ್ಲಿಗೆ ನಿಮ್ಮ ಮಾತು ನಿಜ. ಪಾಯಿಂಟ್ ಟೂ ಟೂಗೆ ಅಷ್ಟಾಗಿ ಅಲ್ಲ.

ಇದು ರಿಮ್‌ಫೈರ್ ಕಾರ್ಟ್ರಿಜ್ (ತೋಟಾ). ಹಿಂದಿನ ಅಂಚಿನ ಸುತ್ತಲೂ ಒಳಗಡೆ ಕಿಡಿ ಹೊತ್ತಿಸೋ ಮಸಾಲೆ ಇರುತ್ತೆ, ಪಿನ್ನು ಆ ಅಂಚನ್ನೇ ಜಜ್ಜುತ್ತೆ. ನಡುವಿನಲ್ಲಿ ಬೇರೆ ಕ್ಯಾಪ್ ಇಲ್ಲ. ಅಂಚು ಜಜ್ಜಬೇಕಾದ್ದರಿಂದ ತಗಡು ತೆಳ್ಳಗಿರಬೇಕು, ತೆಳ್ಳಗಿದ್ದರೆ ಜಾಸ್ತಿ ಒತ್ತಡ ತಡೆಯಲ್ಲ, ಹಾಗಾಗಿ ಒಳಗಿನ ಮದ್ದು ಒಂದು ಚಿಟಿಕೆಗೂ ಕಡಿಮೆ. ಅಷ್ಟು ಮದ್ದು ಬೇಗ ಉರಿದು ಮುಗಿಯುತ್ತೆ. 16ರಿಂದ 19 ಇಂಚು ದಾಟೋ ಹೊತ್ತಿಗೆ ಗುಂಡು ತನ್ನ ಪೂರ್ತಿ ವೇಗ ಮುಟ್ಟಿರುತ್ತೆ. ಅಲ್ಲಿಂದ ಮುಂದಿನ ನಳಿಗೆ ಬರೀ ತಿಕ್ಕಾಟ, ವೇಗ ಕೊಂಚ ಇಳಿದರೂ ಇಳಿಯಿತು. ಹಾಗಾಗಿ ಅಲ್ಲಿಯವರು ಎಂಟು ಇಂಚು ತೆಗೆದರೆ ಕಳೆದುಕೊಳ್ಳೋದು ಏನೂ ಇಲ್ಲ. ತುದಿಗೆ ಆರೇಳು ಇಂಚಿನ ಮಾಡರೇಟರ್ ಸೇರಿಸಿದಾಗ ರೈಫಲ್ ಮತ್ತೆ ಹಳೇ ಉದ್ದಕ್ಕೇ ಬರುತ್ತೆ, ಪೊದೆಗೆ, ಜೀಪಿನ ಬಾಗಿಲಿಗೆ ತಾಗಲ್ಲ. ಇಷ್ಟೇ ಗುಟ್ಟು.

ಸದ್ದಿನ ವಿಷಯ ಇನ್ನೂ ಮಜಾ ಇದೆ. ಬಂದೂಕಿನ ಸದ್ದು ಅಂತ ನಾವು ಕೇಳೋದು ಎರಡು ಸದ್ದು. ಒಂದು, ನಳಿಗೆ ಬಾಯಿಂದ ಒತ್ತಡದ ಗಾಳಿ ಒಮ್ಮೆಲೇ ಹೊರಗೆ ನುಗ್ಗೋದು, ಕುಕ್ಕರಿನ ವೆಯ್ಟ್ ಎತ್ತಿದ ಹಾಗೆ. ಮಾಡರೇಟರ್ ಹಿಡಿಯೋದು ಇದನ್ನು ಮಾತ್ರ, ಒಳಗಿನ ಕೋಣೆಗಳಲ್ಲಿ ಗಾಳಿಗೆ ಜಾಗ ಕೊಟ್ಟು ನಿಧಾನ ಮಾಡುತ್ತೆ. ಇನ್ನೊಂದು, ಗುಂಡು ಶಬ್ದದ ವೇಗ ದಾಟಿದ್ದರೆ ದಾರಿಯುದ್ದಕ್ಕೂ ಚಟ್ ಅಂತ ಚಾಟಿ ಬೀಸಿದ ಹಾಗೆ ಬರೋ ಸದ್ದು. ಅದಕ್ಕೆ ಯಾವ ಕೊಳವೆಯೂ ಏನೂ ಮಾಡಕ್ಕಾಗಲ್ಲ, ಯಾಕಂದರೆ ಅದು ಹುಟ್ಟೋದೇ ಹೊರಗಿನ ಗಾಳಿಯಲ್ಲಿ. ವೇಗದ ಕಾರ್ಟ್ರಿಜ್ ಸೆಕೆಂಡಿಗೆ 380 ಮೀಟರ್ ಆಸುಪಾಸು ಹೋಗುತ್ತೆ. ನಿಧಾನದ್ದು 320, 330. 20 ಡಿಗ್ರಿ ಇರುವಾಗ ಶಬ್ದದ ವೇಗ 343 ಮೀಟರ್. ಚಿತ್ರದುರ್ಗದ ಏಪ್ರಿಲ್ ಬಿಸಿಲಲ್ಲಿ, 35 ಡಿಗ್ರಿ ಅಂದುಕೊಳ್ಳಿ, ಅದು 352ರ ಹತ್ತಿರ ಏರುತ್ತೆ. ಗಾಳಿ ಬಿಸಿಯಾದಷ್ಟೂ ಶಬ್ದ ಬೇಗ ಓಡುತ್ತೆ. ಅಂದರೆ ಚಳಿಗಾಲದ ಬೆಳಗ್ಗೆ ಚಟ್ ಅನ್ನೋ ಗುಂಡು ಬೇಸಿಗೆ ಮಧ್ಯಾಹ್ನ ಚಟ್ ಅನ್ನದೆಯೂ ಹೋಗಬಹುದು. ಪರೀಕ್ಷೆಯಲ್ಲಿ ಇದು ಬಂದರೆ ನನ್ನನ್ನು ನೆನೆಸಿಕೊಳ್ಳಿ.

ಬಂದೂಕಿನ ಸೈಲೆನ್ಸರ್‌ಗೆ 1909ರಲ್ಲಿ ಪೇಟೆಂಟ್ ಪಡೆದವರು ಅಮೆರಿಕದ ಹಿರಾಮ್ ಪರ್ಸಿ ಮ್ಯಾಕ್ಸಿಮ್. ಮೆಷಿನ್ ಗನ್ ಮಾಡಿದ ಮ್ಯಾಕ್ಸಿಮ್ ಇವರ ಅಪ್ಪ. ಅಪ್ಪ ಸದ್ದು ಹೆಚ್ಚಿಸಿದರು, ಮಗ ಇಳಿಸಿದರು. ಮಗ ಮೋಟಾರ್ ಎಂಜಿನ್ನಿನ ಸದ್ದು ಇಳಿಸೋ ಕೆಲಸವನ್ನೂ ಮಾಡಿದವರು, ಹಾಗಾಗಿ ನಮ್ಮ ಬುಲೆಟ್ ಗಾಡಿಗೂ ಅವರಿಗೂ ದೂರದ ನೆಂಟಸ್ತಿಕೆ ಇದೆ.

ಪ್ರಶ್ನೆ: ಜೀಪಿನಿಂದ ಇಳಿಸುವಾಗ ರೈಫಲ್ ಜಾರಿ ನಳಿಗೆಯ ಬಾಯಿ ಕಲ್ಲಿಗೆ ಬಡಿಯಿತು. ಅಂಚಿನಲ್ಲಿ ಅಕ್ಕಿ ಕಾಳಿನಷ್ಟು ಮುಕ್ಕಾಗಿದೆ. ಆಮೇಲೆ ಗುರಿ ಹಾಳಾಗಿದೆ. ತುದಿ ಒಂದಿಷ್ಟು ತೆಗೆಸಬಹುದಾ, ಅದೂ ಅಪರಾಧವಾ?
— ಹೊಸದುರ್ಗ

ಉತ್ತರ: ಗುರಿ ಹಾಳಾಗಿದ್ದು ಅದರಿಂದಲೇ, ಅನುಮಾನ ಬೇಡ. ಇಡೀ ನಳಿಗೆಯಲ್ಲಿ ಗುಂಡು ಕೊನೆಗೆ ಮುಟ್ಟೋ ಜಾಗ ಆ ಅಂಚು. ಗುಂಡಿನ ಹಿಂಭಾಗ ಅಲ್ಲಿಂದ ಬಿಡುವಾಗ ಸುತ್ತಲೂ ಒಂದೇ ಸಲಕ್ಕೆ ಬಿಡಬೇಕು. ಒಂದು ಕಡೆ ಮುಕ್ಕಿದ್ದರೆ ಗಾಳಿ ಆ ಕಡೆಯಿಂದ ಮೊದಲು ನುಗ್ಗಿ ಗುಂಡಿನ ಬೆನ್ನನ್ನು ಅಷ್ಟೇ ಅಷ್ಟು ತಳ್ಳುತ್ತೆ. ಕೂದಲೆಳೆ ಸೊಟ್ಟ, 50 ಮೀಟರಿನಲ್ಲಿ ಇಂಚುಗಟ್ಟಲೆ ಸೊಟ್ಟ. ಹತ್ತಿ ಸುತ್ತಿದ ಕಡ್ಡಿಯನ್ನು ಬಾಯೊಳಗಿಂದ ಹೊರಕ್ಕೆ ಮೆಲ್ಲಗೆ ಎಳೆದು ನೋಡಿ. ಗುಂಡು ಇಲ್ಲ ಅಂತ ಎರಡು ಸಲ ನೋಡಿ, ಬೋಲ್ಟ್ ತೆಗೆದಿಟ್ಟು ಮಾಡಿ. ಎಲ್ಲಿ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತೋ ಅಲ್ಲಿ ಗಾಯ ಇದೆ.

ನನ್ನ ಕೈಗೆ ಒಂದು ಸಲ ಬಂದಿದ್ದ ರೈಫಲ್ ಮರೆಯೋಕಾಗಲ್ಲ. ಯಾರೋ ಪುಣ್ಯಾತ್ಮ ಮುಕ್ಕು ಹೋಗಲಿ ಅಂತ ಮನೆಯಲ್ಲೇ ಅರ ಹಿಡಿದು ತೀಡಿದ್ದ. ಮುಂದಿನಿಂದ ನೋಡಿದರೆ ಬಾಯಿ ಒಂದು ಕಡೆಗೆ ಓರೆಯಾಗಿ, ನಗೋ ಹಾಗೆ ಕಾಣುತ್ತಿತ್ತು. ಒಳಗೆ ಗುಂಡನ್ನು ತಿರುಗಿಸೋ ಗೆರೆಗಳಿರುತ್ತಲ್ಲ, ಅವುಗಳ ತುದಿಯಲ್ಲಿ ಅರದ ಮುಳ್ಳು ನಿಂತಿತ್ತು. ಮೊದಲು ನಿಮ್ಮ ರೈಫಲ್ಲಿನಷ್ಟೇ ತೊಂದರೆ ಇದ್ದಿದ್ದು, ಈಗ ಹತ್ತು ಪಟ್ಟು. ಲೇತ್‌ನವರಿಗೂ ಇದರಲ್ಲಿ ಒಂದು ಮೋಸದ ಹೊಂಡ ಇದೆ. ನಳಿಗೆಯ ಹೊರಮೈಯ ನಡುವೂ ಒಳತೂತಿನ ನಡುವೂ ಒಂದೇ ಅಂದುಕೊಂಡು ಹೊರಮೈ ಹಿಡಿದು ತಿರುವಿಬಿಡ್ತಾರೆ. ಎಷ್ಟೋ ನಳಿಗೆಗಳಲ್ಲಿ ಅವೆರಡೂ ಒಂದೇ ಇರಲ್ಲ. ಬಂದೂಕಿನ ಕೆಲಸ ಗೊತ್ತಿದ್ದವರು ಲೆಕ್ಕ ಹಿಡಿಯೋದು ತೂತಿನಿಂದ. ಭಾವನವರ ಊರಿನಲ್ಲೂ ಹೀಗೆ ಸೊಟ್ಟ ಥ್ರೆಡ್ ಬಿದ್ದ ರೈಫಲ್ಲಿಗೆ ಮಾಡರೇಟರ್ ಹಾಕಿ, ಮೊದಲ ಗುಂಡಿಗೇ ಒಳಗಿನ ತಟ್ಟೆ ಒಡೆದುಕೊಂಡವರು ಇರ್ತಾರೆ.

ಇನ್ನು ಕಾನೂನು. ಬಾಯಿ ಸರಿಮಾಡೋದು ರಿಪೇರಿ, ಸರಿ. ಆದರೆ ಎಷ್ಟೇ ಕಡಿಮೆ ತೆಗೆದರೂ ನಳಿಗೆ ಅಷ್ಟು ಗಿಡ್ಡ ಆಗುತ್ತೆ, 6ನೇ ಕಲಮಿನಲ್ಲಿ ರಿಪೇರಿಗೆ ಅಂತ ವಿನಾಯಿತಿ ಬರೆದಿಲ್ಲ. ನಾನಾಗಿದ್ದರೆ ಹೀಗೆ ಮಾಡ್ತಿದ್ದೆ: ರಿಪೇರಿ ಲೈಸೆನ್ಸ್ ಇರೋ ಅಂಗಡಿಗೆ ಮಾತ್ರ ಕೊಡೋದು. ಅವರಿಂದ ಏನಾಗಿದೆ, ಏನು ಮಾಡಬೇಕು ಅಂತ ಬರೆಸಿಕೊಳ್ಳೋದು. ಅದನ್ನು ಇಟ್ಟು ಲೈಸೆನ್ಸ್ ಕೊಟ್ಟ ಕಚೇರಿಗೆ ಅರ್ಜಿ ಕೊಟ್ಟು, ಲಿಖಿತ ಉತ್ತರ ಬರೋವರೆಗೆ ಟೂಲ್ ಮುಟ್ಟಿಸದಿರೋದು. ತಡ ಆಗುತ್ತೆ, ಬೇಜಾರಾಗುತ್ತೆ. ಅಷ್ಟರಲ್ಲಿ ಕ್ಲಬ್ಬಿನ ರೈಫಲ್ಲಿನಲ್ಲಿ ಅಭ್ಯಾಸ ಮಾಡಿ.

ಪ್ರಶ್ನೆ: ಸೈಲೆನ್ಸರ್ ಇಲ್ಲ ಅಂದರೆ ಕಿವಿಯ ಗತಿ? ಅಭ್ಯಾಸ ಮಾಡಿದ ದಿನ ರಾತ್ರಿಯೆಲ್ಲ ಕಿವಿ ಗುಯ್ ಅನ್ನುತ್ತೆ.
— ಚಿತ್ರದುರ್ಗ

ಉತ್ತರ: ಗುಯ್ ಅನ್ನೋದು ಕಿವಿ ಕೊಡೋ ನೋಟಿಸ್. ಸಣ್ಣ ರೈಫಲ್ ಅಂತ ಸಸಾರ ಮಾಡಬೇಡಿ, ಅದರ ಸದ್ದೂ 140 ಡೆಸಿಬೆಲ್ ಹತ್ತಿರ ಹೋಗುತ್ತೆ. ಕಿವಿಯೊಳಗೆ ಫೋಮ್ ಬೆಣೆ, ಮೇಲೆ ಇಡೀ ಕಿವಿ ಮುಚ್ಚೋ ಮಫ್, ಎರಡೂ ಹಾಕಿಕೊಳ್ಳಿ. ಬೆಣೆಯನ್ನು ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ ಎಳೆದು ತೂರಿಸಿ, ಉಬ್ಬೋವರೆಗೆ ಹಿಡಿದುಕೊಳ್ಳಿ. ಸುಮ್ನೆ ಬಾಗಿಲಲ್ಲಿ ಸಿಕ್ಕಿಸಿಕೊಂಡರೆ ಪ್ರಯೋಜನ ಇಲ್ಲ. ಗಿರಣಿಯಲ್ಲಿ ಮಗ್ಗದ ಸದ್ದಿಗೆ ಹತ್ತಿ ತುರುಕಿಕೊಂಡು ಕೆಲಸ ಮಾಡಿದ ನಮ್ಮ ಪೀಳಿಗೆಯವರನ್ನು ಮಾತಾಡಿಸಿ ನೋಡಿ, ಪ್ರತಿ ಮಾತಿಗೂ ‘ಆಂ?’ ಅಂತಾರೆ. ನಾನೂ ಅಂತೀನಿ. ಒಂದು ವಾರವಾದರೂ ಗುಯ್ ನಿಲ್ಲದಿದ್ದರೆ ಕಿವಿ ಡಾಕ್ಟರ್ ಹತ್ತಿರ ಹೋಗಿ.

ಸ್ಪರ್ಧೆಗೆ ಹೋಗೋ ಆಸೆ ಇದ್ದರೆ ಇದೂ ಗೊತ್ತಿರಲಿ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಸ್ವಪ್ನಿಲ್ ಕುಸಾಲೆ ಕಂಚು ಗೆದ್ದ 50 ಮೀಟರ್ ರೈಫಲ್ ಸ್ಪರ್ಧೆ ನಿಮ್ಮ ಇದೇ ಪಾಯಿಂಟ್ ಟೂ ಟೂನದ್ದು. 50 ಮೀಟರ್ ದೂರದಲ್ಲಿ ಹತ್ತರ ಉಂಗುರ ಬರೀ 10.4 ಮಿಲಿಮೀಟರ್. ಅಲ್ಲಿ ಯಾರೂ ನಳಿಗೆ ಕತ್ತರಿಸಲ್ಲ. ಮುಂದಿನ ಸೈಟು ದೂರ ಇದ್ದಷ್ಟೂ ಗುರಿ ನಿಖರ ಅಂತ ತುದಿಗೆ ಖಾಲಿ ಕೊಳವೆ ಜೋಡಿಸಿ ಇನ್ನೂ ಉದ್ದ ಮಾಡಿಕೊಳ್ತಾರೆ.

ಪ್ರಶ್ನೆ: ಮೆಕ್ಕೆಜೋಳಕ್ಕೆ ಹಂದಿ ಕಾಟ ವಿಪರೀತ. ನಮ್ಮ ಅಣ್ಣನ ಪಾಯಿಂಟ್ ಟೂ ಟೂ ಇದೆ. ಸದ್ದಾಗದ ಹಾಗೆ ಒಂದೆರಡು ಹೊಡೆದರೆ ಉಳಿದವು ಬರಲ್ಲ ಅಂತಾರೆ.
— ರೈತ, ಜಗಳೂರು ತಾಲ್ಲೂಕು

ಉತ್ತರ: ಹಾಗೆ ಹೇಳಿದವರು ಹಂದಿಯನ್ನು ಹತ್ತಿರದಿಂದ ನೋಡಿಲ್ಲ. ಎರಡೂವರೆ ಗ್ರಾಂ ಚಿಲ್ಲರೆ ತೂಕದ ಸೀಸದ ಗುಂಡು ಅದು. ಕ್ವಿಂಟಾಲ್ ತೂಗೋ ಹಂದಿಯ ಹೆಗಲಿಗೆ ಬಿದ್ದರೆ ಹಂದಿ ಸಾಯಲ್ಲ, ಗಾಯ ಮಾಡಿಕೊಂಡು ಜೋಳದೊಳಗೆ ಕೂರುತ್ತೆ. ಬೆಳಗ್ಗೆ ನೀರು ಕಟ್ಟೋಕೆ ಹೋದವರ ತೊಡೆ ಸೀಳುತ್ತೆ. ಅದು ನಿಮ್ಮ ಮನೆಯವರೇ ಇರ್ತಾರೆ.

ಕಾನೂನೂ ಒಪ್ಪಲ್ಲ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಈಗ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಬೆಳೆಗೆ ಅಪಾಯ ಅಂತ ಕೊಲ್ಲಲು ಅನುಮತಿ ಕೊಡೋ ದಾರಿ 11ನೇ ಕಲಮಿನಲ್ಲಿ ಇದೆ, ಆದರೆ ಕೊಡೋದು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು, ಲಿಖಿತವಾಗಿ. ಅಣ್ಣನ ಬಂದೂಕು ತಮ್ಮ ಹಿಡಿದುಕೊಂಡು ಹೋಗೋದು ಇನ್ನೊಂದು ಕೇಸು. ನಿಮ್ಮ ತಾಲ್ಲೂಕಿನಲ್ಲೇ ರಂಗಯ್ಯನದುರ್ಗದ ಕೊಂಡುಕುರಿ ಅಭಯಾರಣ್ಯ ಇದೆ. ಹೊಲ ಅದರ ಅಂಚಿಗಿದ್ದರೆ ಇನ್ನೂ ಹುಷಾರು, ಅನುಮತಿ ಇಲ್ಲದೆ ಆಯುಧ ಹಿಡಿದು ಅಭಯಾರಣ್ಯದೊಳಗೆ ಕಾಲಿಟ್ಟರೇ ತಪ್ಪು.

ಬೆಳೆ ರಕ್ಷಣೆಗೆ ಬಂದೂಕು ಬೇಕೇ ಬೇಕು ಅಂದರೆ ಕಾಯ್ದೆ ಅದಕ್ಕೆ ಹೇಳೋದು ಬಾಯಿಂದ ಮದ್ದು ತುಂಬೋ ಕೋವಿ. ಅದಕ್ಕೆ ಅರ್ಜಿ ಹಾಕಿ. ಬೇಲಿಗೆ ಕರೆಂಟು ಮಾತ್ರ ಬಿಡಬೇಡಿ ಮಾರಾಯ್ರೆ, ಹಂದಿಗಿಂತ ಮನುಷ್ಯರೇ ಜಾಸ್ತಿ ಹೋಗ್ತಾರೆ. ಹಾನಿಯಾದ ದಿನವೇ ಹೊಲದಲ್ಲಿ ನಿಂತು ಫೋಟೋ ತೆಗೆದು, ಪಹಣಿ ಜೊತೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿ. ಸಿಗೋ ದುಡ್ಡು ನಷ್ಟಕ್ಕೆ ಸಮ ಆಗಲ್ಲ ಅನ್ನೋ ನಿಮ್ಮ ಸಿಟ್ಟು ನನಗೂ ಗೊತ್ತು, ನನ್ನ ತಮ್ಮನ ಹೊಲವೂ ಅದೇ ದಿಕ್ಕಿನಲ್ಲಿದೆ.

ಪ್ರಶ್ನೆ: ಏರ್‌ಗನ್‌ಗೆ ಲೈಸೆನ್ಸ್ ಬೇಕಾ?
— ಹರಿಹರ

ಉತ್ತರ: 4.5 ಮಿಲಿಮೀಟರ್ ಒಳಗಿನ ಗುಂಡು, 20 ಜೌಲ್ ಒಳಗಿನ ಶಕ್ತಿ ಇದ್ದರೆ ಬೇಡ. ಅರ್ಧ ಗ್ರಾಂ ಗುಂಡು ಸೆಕೆಂಡಿಗೆ 200 ಮೀಟರ್ ಹೋದರೆ 10 ಜೌಲ್, ಲೆಕ್ಕ ಹಾಕಿಕೊಳ್ಳಿ. ಕೊಂಡ ರಸೀದಿ ಜೋಪಾನ. ಹಕ್ಕಿ ಹೊಡೆಯೋಕೆ ಅಲ್ಲ.

ಪ್ರಶ್ನೆ: ಅಜ್ಜ ತೀರಿಕೊಂಡ ಮೇಲೆ ಅಟ್ಟ ಗುಡಿಸುವಾಗ ಗೋಣಿಚೀಲದಲ್ಲಿ ಜೋಡಿ ನಳಿಗೆ ಬಂದೂಕು ಸಿಕ್ಕಿತು. ಯಾರೋ ಗರಗಸದಲ್ಲಿ ಕೊಯ್ದಿದ್ದಾರೆ. ಟೇಪು ಹಿಡಿದರೆ ನಳಿಗೆ 18 ಇಂಚು. ಅಜ್ಜನ ಲೈಸೆನ್ಸ್ ಪುಸ್ತಕ ಇದೆ, ಅವಧಿ ಮುಗಿದು ಎಷ್ಟೋ ವರ್ಷ. ನನಗೆ ನಿದ್ದೆ ಬರ್ತಿಲ್ಲ.
— ಚಳ್ಳಕೆರೆ

ಉತ್ತರ: ಮೊದಲು ಅದನ್ನು ಇದ್ದಲ್ಲೇ ಇಡಿ. ಕಾರಿನ ಡಿಕ್ಕಿಗೆ ಹಾಕಿಕೊಂಡು ಯಾರಿಗೋ ತೋರಿಸೋಕೆ ಹೋಗಬೇಡಿ. ಒರೆಸಬೇಡಿ, ಬಿಚ್ಚಬೇಡಿ, ಟ್ರಿಗರ್ ಎಳೆದು ನೋಡಬೇಡಿ. ಹಳೇ ಬಂದೂಕಿನಲ್ಲಿ ತೋಟಾ ಇದ್ದೇ ಇದೆ ಅಂತಲೇ ತಿಳಿಯಬೇಕು.

ಜೋಡಿ ನಳಿಗೆಯಂಥ, ಒಳಗೆ ಗೆರೆ ಇಲ್ಲದ ಬಂದೂಕಿನ ನಳಿಗೆ 20 ಇಂಚಿಗಿಂತ ಗಿಡ್ಡ ಇದ್ದರೆ ಅದು ನಿಷೇಧಿತ ವರ್ಗಕ್ಕೆ ಸೇರುತ್ತೆ. 18 ಇಂಚು ಅಂದಿರಿ. ಹಾಗಾಗಿ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳೋ ಆಸೆ ಬಿಟ್ಟುಬಿಡಿ. ಲೈಸೆನ್ಸ್ ಇದ್ದವರು ತೀರಿಕೊಂಡಾಗ ವಾರಸುದಾರರು ತಡಮಾಡದೆ ಆಯುಧವನ್ನು ಠಾಣೆಯಲ್ಲೋ ಲೈಸೆನ್ಸ್ ಇರೋ ಅಂಗಡಿಯಲ್ಲೋ ಒಪ್ಪಿಸಬೇಕು ಅಂತ 21ನೇ ಕಲಂ ಹೇಳುತ್ತೆ. ನಿಮ್ಮದು ಕೊಯ್ದ ಬಂದೂಕು ಆದ್ದರಿಂದ ಠಾಣೆಯ ದಾರಿಯೇ ಸರಿ. ನಾಳೆಯೇ ಒಬ್ಬ ವಕೀಲರ ಹತ್ತಿರ ಹೋಗಿ. ಯಾವಾಗ ಸಿಕ್ಕಿತು, ಎಲ್ಲಿ, ಜೊತೆಗೆ ಯಾರಿದ್ದರು, ಹೇಗಿತ್ತು ಅಂತ ಬರೆಸಿ, ಅಜ್ಜನ ಮರಣ ಪ್ರಮಾಣಪತ್ರ ಮತ್ತು ಲೈಸೆನ್ಸ್ ಪುಸ್ತಕದ ಜೆರಾಕ್ಸ್ ಸೇರಿಸಿ ಠಾಣೆಗೆ ಕೊಡಿ. ಅವರೇ ಬಂದು ತೆಗೆದುಕೊಂಡು ಹೋಗಲಿ. ನಿಮ್ಮ ಕೈಯಲ್ಲಿ ಹಿಂಬರಹ ಇರಲಿ. ಗರಗಸ ಹಿಡಿದಿದ್ದು ನೀವಲ್ಲ, ಸಿಕ್ಕಿದ ಕೂಡಲೇ ಹೇಳಿದ್ದೀರಿ. ಆರು ತಿಂಗಳು ಬಚ್ಚಿಟ್ಟು ಆಮೇಲೆ ಹೇಳಿದರೆ ಈ ಮಾತು ನಿಮ್ಮ ಬಾಯಲ್ಲಿ ಗಟ್ಟಿಯಾಗಿ ನಿಲ್ಲಲ್ಲ.

ಪ್ರಶ್ನೆ: ಚುನಾವಣೆ ಹೊತ್ತಿಗೆ ಠಾಣೆಯಲ್ಲಿ ಠೇವಣಿ ಇಟ್ಟ ರೈಫಲ್ ವಾಪಸ್ ತರುವಾಗ ಒಳಗೆ ತುಕ್ಕು ಬಂದಿರುತ್ತೆ. ಏನು ಮಾಡೋದು?
— ಚನ್ನಗಿರಿ

ಉತ್ತರ: ನನಗೂ ಆಗಿದೆ. ಒಂದು ಠಾಣೆಯಲ್ಲಿ ಇಟ್ಟಿದ್ದೆ, ಹೆಸರು ಬೇಡ. ಮಳೆಗಾಲ ದಾಟಿ ತಂದಾಗ ನಳಿಗೆ ಒಳಗೆ ಬೆಲ್ಲದ ಬಣ್ಣ. ಅವರದ್ದೂ ತಪ್ಪು ಅನ್ನೋಕಾಗಲ್ಲ, ನೂರಾರು ಬಂದೂಕು ಒಂದೇ ಕೋಣೆಯಲ್ಲಿ ಒರಗಿಸಿರ್ತಾರೆ. ತಪ್ಪು ನನ್ನದು, ಬಟ್ಟೆಯ ಚೀಲದಲ್ಲಿ ಕೊಟ್ಟಿದ್ದೆ. ಬಟ್ಟೆ ತೇವ ಹೀರಿ ಕಬ್ಬಿಣಕ್ಕೇ ಒರೆಸುತ್ತೆ.

ಈಗ ಹೀಗೆ ಮಾಡ್ತೀನಿ. ಕೊಡೋ ಹಿಂದಿನ ದಿನ ನಳಿಗೆ ಪೂರ್ತಿ ಒಣಗಿಸಿ, ಎಣ್ಣೆ ಅದ್ದಿದ ಬಟ್ಟೆ ತುಂಡನ್ನು ಹಿಂದಿನಿಂದ ಮುಂದಕ್ಕೆ ಒಂದು ಸಲ ಎಳೆದು, ಹೊರಮೈಗೆ ತೆಳುವಾಗಿ ಗ್ರೀಸ್. ಬಾಯಿಗೆ ಏನನ್ನೂ ತುರುಕಲ್ಲ. ತುರುಕಿದ್ದು ಮರೆತು ಗುಂಡು ಹಾರಿಸಿದರೆ ನಳಿಗೆ ಉಬ್ಬುತ್ತೆ. ಚೀಟಿಯೊಂದನ್ನು ಟ್ರಿಗರ್ ಗಾರ್ಡಿಗೆ ಕಟ್ತೀನಿ, ‘ಎಣ್ಣೆ ಹಾಕಿದೆ, ಒರೆಸದೆ ಹೊಡೆಯಬೇಡಿ’ ಅಂತ. ಹೊಡೆಯೋನು ನಾನೇ, ಚೀಟಿಯೂ ನನಗೇ. ಆರು ತಿಂಗಳಾದ ಮೇಲೆ ನನಗೇ ನೆನಪಿರಲ್ಲ. ವಾಪಸ್ ಬಂದ ಮೇಲೆ ಮೊದಲು ಒಣ ತುಂಡು, ಆಮೇಲೆ ಬೆಳಕಿಗೆ ಹಿಡಿದು ನೋಡೋದು. ಗೆರೆಗಳು ತಿರುಗುತ್ತಾ ಹೋಗೋದು ಹೊಳೆಯುತ್ತಾ ಕಾಣಬೇಕು. 16 ಇಂಚಿಗೆ ಒಂದು ಸುತ್ತು, ಎಣಿಸಬಹುದು.